ಹತ್ತು ವರ್ಷದ ಜರ್ಮನ್ ಕಾರಿಗೆ ಮುಂಗಡ ಕೊಡಲು ಹೊರಟಿರುವವರಿಗೆ



ಹೊಸ ಕ್ರೆಟಾಗೆಂದು ಕೂಡಿಟ್ಟ ದುಡ್ಡಿಗೆ ಮರ್ಸಿಡಿಸ್ ಇ-ಕ್ಲಾಸ್ ಸಿಗುತ್ತದೆ ಎಂದು ಗೊತ್ತಾದ ದಿನದಿಂದ ನಿಮ್ಮ ಮನಸ್ಸು ಒಂದು ಕಡೆ ನಿಂತಿಲ್ಲ. ಕಪ್ಪು ಬಣ್ಣ, ಒಬ್ಬರೇ ಓನರ್, ಎಪ್ಪತ್ತು ಸಾವಿರ ಕಿಲೋಮೀಟರು, ಕೆನೆಬಣ್ಣದ ಚರ್ಮದ ಸೀಟು. ಹೊಸದಾಗಿದ್ದಾಗ 60 ಲಕ್ಷ, ಈಗ 12 ಲಕ್ಷ. ಮನೆಯವರಿಗೆ ಫೋಟೊ ತೋರಿಸಿಯಾಗಿದೆ, ಪಾರ್ಕಿಂಗ್ ಜಾಗದ ಅಳತೆಯೂ ಆಗಿದೆ. ಮುಂಗಡ ಕೊಡುವುದೊಂದೇ ಬಾಕಿ.

ನಿಮ್ಮ ಆಸೆಗೆ ತಣ್ಣೀರು ಎರಚುವುದು ಈ ಪತ್ರದ ಉದ್ದೇಶವಲ್ಲ. ಆ ಕಾರು ನಿಜಕ್ಕೂ ಒಳ್ಳೆಯ ಕಾರು. ನೂರಿಪ್ಪತ್ತರ ವೇಗದಲ್ಲೂ ಹಿಂದಿನ ಸೀಟಿನಲ್ಲಿ ಮಗು ನಿದ್ದೆ ಹೋಗುವಂತೆ ಅದನ್ನು ಕಟ್ಟಿದ್ದಾರೆ. ಬಾಗಿಲು ಮುಚ್ಚಿದಾಗ ಕೇಳುವ ಆ ಗಟ್ಟಿ ಸದ್ದಿನ ಹಿಂದೆ ನೂರಾರು ಜನರ ವರ್ಷಗಟ್ಟಲೆ ದುಡಿಮೆ ಇದೆ. ಅದನ್ನು ಬಯಸುವುದರಲ್ಲಿ ತಪ್ಪೇನಿಲ್ಲ. ಆದರೆ ಮುಂಗಡ ಎಣಿಸುವ ಮೊದಲು ಒಂದು ಪ್ರಶ್ನೆಗೆ ಉತ್ತರ ಹುಡುಕಿಕೊಳ್ಳಿ. 60ರಿಂದ 12ಕ್ಕೆ ಇಳಿಯುವಾಗ ನಡುವಿನ 48 ಲಕ್ಷ ಎಲ್ಲಿ ಹೋಯಿತು?

ಬಹುಪಾಲು ಕಾಲ ತಿಂದು ಹಾಕಿದೆ. ಅದು ಹೋದದ್ದು ಹಿಂದಿನ ಮಾಲೀಕರ ಜೇಬಿನಿಂದ. ಆದರೆ ಕೊನೆಯ ಐದಾರು ಲಕ್ಷದ ಇಳಿಕೆಯ ಕಥೆ ಬೇರೆ. ಹಿಂದಿನವರು ‘ಆಮೇಲೆ ನೋಡೋಣ’ ಎಂದು ಮುಂದೂಡುತ್ತ ಬಂದ ರಿಪೇರಿಗಳ ಮೊತ್ತ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಕಡಿಮೆ ಬೆಲೆ ಎಂದು ನೀವು ಖುಷಿಪಡುತ್ತಿರುವುದು ಬಹಳಷ್ಟು ಸಲ ಆ ಬಾಕಿಯನ್ನು ನೋಡಿಯೇ. ಕಾರಿನ ಜೊತೆಗೆ ಅದೂ ನಿಮ್ಮ ಹೆಸರಿಗೆ ವರ್ಗವಾಗುತ್ತದೆ. ಆರ್‌ಸಿಯಲ್ಲಿ ಮಾತ್ರ ಬರೆದಿರುವುದಿಲ್ಲ.

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಬೆಳಿಗ್ಗೆ ಆರೂವರೆಗೆ ನಡೆದು ಹೋದರೆ ಒಮ್ಮೊಮ್ಮೆ ಈ ದೃಶ್ಯ ಕಾಣುತ್ತದೆ. ಹಳೆಯ ಎಸ್-ಕ್ಲಾಸ್ ಒಂದು ಮನೆಯ ಮುಂದೆ ಒಂದು ಮಂಡಿಯೂರಿದ ಎತ್ತಿನ ಹಾಗೆ ನಿಂತಿರುತ್ತದೆ. ಮುಂದಿನ ಎಡಚಕ್ರದ ಮೇಲ್ಭಾಗ ಬಾಡಿಯೊಳಗೆ ಹೂತುಹೋಗಿರುತ್ತದೆ. ಮಾಲೀಕರು ಬಂದು ಎಂಜಿನ್ ಚಾಲೂ ಮಾಡುತ್ತಾರೆ, ಎಲ್ಲಿಂದಲೋ ‘ಗುಂಯ್’ ಎಂಬ ಸದ್ದು ಏಳುತ್ತದೆ, ಸ್ವಲ್ಪ ಹೊತ್ತಿಗೆ ಕಾರು ನಿಧಾನವಾಗಿ ಎದ್ದು ನಿಲ್ಲುತ್ತದೆ. ಎಲ್ಲ ಸರಿಹೋಯಿತು ಎಂದುಕೊಂಡು ಅವರು ಆಫೀಸಿಗೆ ಹೊರಡುತ್ತಾರೆ.

ಸರಿಹೋಗಿರುವುದಿಲ್ಲ. 1998ರ ಎಸ್-ಕ್ಲಾಸ್‌ನಲ್ಲಿ ಮರ್ಸಿಡಿಸ್ ‘ಏರ್‌ಮ್ಯಾಟಿಕ್’ ಎಂಬ ಗಾಳಿಯ ಸಸ್ಪೆನ್ಷನ್ ತಂದಿತು. ಉಕ್ಕಿನ ಸ್ಪ್ರಿಂಗ್ ಜಾಗದಲ್ಲಿ ಗಾಳಿ ತುಂಬಿದ ರಬ್ಬರಿನ ಚೀಲ. ಇಡೀ ಕಾರಿನ ಭಾರ ಆ ರಬ್ಬರಿನ ಮೇಲೆ ಕೂತಿರುತ್ತದೆ. ಬಿಸಿಲು, ಧೂಳು, ವಯಸ್ಸಿಗೆ ರಬ್ಬರು ಮಡಿಕೆಯಲ್ಲಿ ಸೀಳು ಬಿಡುತ್ತದೆ. ರಾತ್ರಿಯೆಲ್ಲ ಗಾಳಿ ಸೋರುತ್ತದೆ. ಬೆಳಿಗ್ಗೆ ಕೇಳಿದ ‘ಗುಂಯ್’ ಸದ್ದು ಆ ಗಾಳಿಯನ್ನು ಮತ್ತೆ ತುಂಬುವ ಪುಟ್ಟ ಕಂಪ್ರೆಸರ್‌ನದು. ದಿನಕ್ಕೆ ಅಲ್ಲೊಮ್ಮೆ ಇಲ್ಲೊಮ್ಮೆ ಕೆಲಸ ಮಾಡಲಿ ಎಂದು ಇಟ್ಟ ಯಂತ್ರ ಈಗ ಬಿಡುವಿಲ್ಲದೆ ಓಡುತ್ತದೆ, ಕಾಯುತ್ತದೆ, ಕೆಲವು ತಿಂಗಳಲ್ಲಿ ಸುಟ್ಟುಹೋಗುತ್ತದೆ. ಮೊದಲ ವಾರವೇ ಬದಲಿಸಿದ್ದರೆ ಒಂದು ಚೀಲದ ಖರ್ಚು. ಆರು ತಿಂಗಳು ಬಿಟ್ಟರೆ ಚೀಲ, ಕಂಪ್ರೆಸರ್, ರಿಲೇ ಮೂರೂ ಸೇರಿದ ಖರ್ಚು. ಒಂದು ಕಡೆಯ ಚೀಲ ಹೋಯಿತೆಂದರೆ ಅದೇ ವಯಸ್ಸಿನ ಇನ್ನೊಂದು ಕಡೆಯದೂ ಸರದಿಯಲ್ಲಿ ನಿಂತಿರುತ್ತದೆ.

ಬಿಡಿಭಾಗ ದುಬಾರಿ ಎಂಬ ದೂರು ಎಲ್ಲರ ಬಾಯಲ್ಲೂ ಇದೆ. ದೂರು ನಿಜ. ಕಾರಿನ ಬೆಲೆ ಐದರಲ್ಲಿ ಒಂದು ಪಾಲಿಗೆ ಇಳಿದರೂ ಅದರ ಹೆಡ್‌ಲೈಟಿನ ಬೆಲೆ ಇಳಿಯುವುದಿಲ್ಲ. ಹೊರದೇಶದಿಂದ ಬರುವ ಭಾಗಕ್ಕೆ ಆಮದು ಸುಂಕ, ಜಿಎಸ್‌ಟಿ ಬೇರೆ. ಆದರೆ ಈ ಕಾರುಗಳ ದೊಡ್ಡ ಬಿಲ್ಲುಗಳನ್ನು ಬಿಡಿಸಿ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಎಷ್ಟೋ ಸಲ ಭಾಗ ಅಗ್ಗ, ಅದನ್ನು ತಲುಪುವ ದಾರಿ ದುಬಾರಿ.

ಮರ್ಸಿಡಿಸ್‌ನ ವಿ6 ಡೀಸೆಲ್ ಎಂಜಿನ್ ಒಎಂ642 ಇದಕ್ಕೆ ಸರಿಯಾದ ಉದಾಹರಣೆ. ಇ-ಕ್ಲಾಸ್, ಎಂ-ಕ್ಲಾಸ್, ಜಿಎಲ್, ಎಸ್-ಕ್ಲಾಸ್ ಎಲ್ಲದರಲ್ಲೂ ಬಂದ, ಲಕ್ಷಗಟ್ಟಲೆ ಕಿಲೋಮೀಟರು ಓಡಬಲ್ಲ ಗಟ್ಟಿ ಎಂಜಿನ್ ಅದು. ಆದರೆ ಅದರ ಆಯಿಲ್ ಕೂಲರನ್ನು ಎಂಜಿನ್ನಿನ ಎರಡು ಸಾಲು ಸಿಲಿಂಡರುಗಳ ನಡುವಿನ ಕಣಿವೆಯಲ್ಲಿ, ಟರ್ಬೊದ ಕೆಳಗೆ ಕೂರಿಸಿದ್ದಾರೆ. ಅದರ ತಳದಲ್ಲಿ ಕಿತ್ತಳೆ ಬಣ್ಣದ ರಬ್ಬರ್ ಸೀಲುಗಳಿವೆ. ವರ್ಷಗಟ್ಟಲೆ ಬೆಂದು ಅವು ಕಲ್ಲಿನಂತೆ ಗಟ್ಟಿಯಾಗುತ್ತವೆ, ಆಯಿಲ್ ಜಿನುಗುತ್ತದೆ. ಕಂಪನಿ ಆಮೇಲೆ ಹೆಚ್ಚು ಶಾಖ ತಾಳುವ ನೇರಳೆ ಬಣ್ಣದ ಸೀಲು ತಂದಿತು. ಅಂಗೈಯಲ್ಲಿ ಹಿಡಿಸುವ ಆ ಸೀಲಿನ ಬೆಲೆ ಯಾರಿಗೂ ಹೊರೆಯಲ್ಲ. ಆದರೆ ಅದನ್ನು ಮುಟ್ಟಬೇಕಾದರೆ ಟರ್ಬೊ ಬಿಚ್ಚಬೇಕು, ಎರಡೂ ಬದಿಯ ಇನ್‌ಟೇಕ್ ಮ್ಯಾನಿಫೋಲ್ಡ್ ತೆಗೆಯಬೇಕು, ಹತ್ತಾರು ಪೈಪು ಸರಿಸಬೇಕು, ಹೊಸ ಗ್ಯಾಸ್ಕೆಟ್ಟು ಹಾಕಿ ಎಲ್ಲವನ್ನೂ ಮೊದಲಿನಂತೆ ಜೋಡಿಸಬೇಕು. ಕೈಪಳಗಿದ ಮೆಕ್ಯಾನಿಕ್‌ಗೂ ಎರಡು ದಿನದ ಕೆಲಸ. ನೀವು ದುಡ್ಡು ಕೊಡುವುದು ಆ ಎರಡು ದಿನಕ್ಕೆ.

ಬಿಎಂಡಬ್ಲ್ಯುವಿನಲ್ಲಿ ಇದರ ಜೊತೆಗಾರ ಎನ್47 ಎಂಬ ಎರಡು ಲೀಟರಿನ ಡೀಸೆಲ್ ಎಂಜಿನ್. 2007ರಲ್ಲಿ ಬಂತು. ಆ ಕಾಲದ 320ಡಿ, 520ಡಿ, ಎಕ್ಸ್1 ಕಾರುಗಳಲ್ಲಿ ಇರುವುದು ಇದೇ. ಎಂಜಿನ್ನಿನ ಮುಂದೆ ಇರಬೇಕಾದ ಟೈಮಿಂಗ್ ಚೈನನ್ನು ಇದರಲ್ಲಿ ಹಿಂದೆ, ಗೇರ್‌ಬಾಕ್ಸಿನ ಕಡೆಗೆ ಇಟ್ಟಿದ್ದಾರೆ. ಚೈನು ಸಡಿಲವಾದರೆ ಬೆಳಗಿನ ಮೊದಲ ಚಾಲೂವಿನಲ್ಲಿ ಡಬ್ಬಿಯೊಳಗೆ ಮೊಳೆ ಅಲುಗಾಡಿಸಿದಂಥ ಸದ್ದು ಬರುತ್ತದೆ. ಅದನ್ನು ಬದಲಿಸಲು ಗೇರ್‌ಬಾಕ್ಸನ್ನೋ ಎಂಜಿನ್ನನ್ನೋ ಇಳಿಸಲೇಬೇಕು. ಆ ಸದ್ದನ್ನು ಕೇಳಿಯೂ ಮುಂದೂಡಿ, ಚೈನು ತುಂಡಾದರೆ ಪಿಸ್ಟನ್ನು ವಾಲ್ವಿಗೆ ಬಡಿಯುತ್ತದೆ. ಆಮೇಲೆ ಬದಲಿಸಬೇಕಾದ್ದು ಎಂಜಿನ್.

ಇನ್ನು ‘ಲೈಫ್‌ಟೈಮ್ ಆಯಿಲ್’ ಎಂಬ ಮಾತು. ಬಿಎಂಡಬ್ಲ್ಯು ಕಾರುಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ತಯಾರಿಸಿಕೊಡುವುದು ಹೆಚ್ಚಾಗಿ ಜರ್ಮನಿಯ ಝಡ್‌ಎಫ್ ಕಂಪನಿ. ಅದರ ಆಯಿಲ್ ಬದಲಿಸುವ ಅಗತ್ಯವೇ ಇಲ್ಲ ಎಂದು ಮಾಲೀಕರಿಗೆ ವರ್ಷಗಟ್ಟಲೆ ಹೇಳಿಕೊಂಡು ಬರಲಾಯಿತು. ಗೇರ್‌ಬಾಕ್ಸ್ ಮಾಡಿದ ಝಡ್‌ಎಫ್ ಹೇಳುವುದು ಬೇರೆ: 80,000ದಿಂದ 1,20,000 ಕಿಲೋಮೀಟರಿನೊಳಗೆ, ಅಥವಾ ಎಂಟು ವರ್ಷಕ್ಕೊಮ್ಮೆ ಬದಲಿಸಿ. ನೀವು ನೋಡಿ ಬಂದ ಕಾರಿನ ಗೇರ್‌ಬಾಕ್ಸ್ ಆಯಿಲ್ ಎಂದಾದರೂ ಬದಲಾಗಿದೆಯೇ? ಮಾರುವವರು ಈ ಪ್ರಶ್ನೆಗೆ ತಡವರಿಸಿದರೆ, ಆ ಕೆಲಸ ನಿಮ್ಮ ಪಟ್ಟಿಯ ಮೊದಲ ಸಾಲಿಗೆ ಬರಲಿ.

ಇವೆಲ್ಲ ಜರ್ಮನ್ನರ ತಪ್ಪು ಎಂದು ಷರಾ ಬರೆಯುವುದು ನ್ಯಾಯವಲ್ಲ. 1995ರಲ್ಲಿ ಪುಣೆಯಲ್ಲಿ ಜೋಡಣೆಯಾಗಿ ಬೀದಿಗಿಳಿದ ಡಬ್ಲ್ಯು124 ಇ-ಕ್ಲಾಸ್ ಈಗಲೂ ಅಲ್ಲಲ್ಲಿ ಓಡಾಡುತ್ತಿದೆ. ಆ ಕಾಲದ ಡೀಸೆಲ್ ಕಾರಿಗೆ ಬೇಕಿದ್ದ ಇಂಧನ ಪಂಪಿನ ವಿದ್ಯೆ ನಮ್ಮೂರಿಗೆ ಹೊಸದಾಗಿರಲಿಲ್ಲ. 1951ರಲ್ಲಿ ಶುರುವಾದ ಮೈಕೋ, ಅಂದರೆ ಈಗಿನ ಬಾಷ್, ಆಡುಗೋಡಿಯಲ್ಲಿ ಅಂಥ ಪಂಪುಗಳನ್ನೇ ತಯಾರಿಸುತ್ತಿತ್ತು. ಅವನ್ನು ಬಿಚ್ಚಿ ಜೋಡಿಸಿ ಪಳಗಿದ ಕೈಗಳು ಊರಲ್ಲಿ ಬೇಕಾದಷ್ಟಿದ್ದವು. ಸದ್ದು ಕೇಳಿಯೇ ರೋಗ ಹೇಳುತ್ತಿದ್ದರು. ಆಮೇಲೆ ಬಂದ ಕಾರುಗಳಲ್ಲಿ ಸದ್ದಿಗಿಂತ ಸಂಕೇತ ಮುಖ್ಯವಾಯಿತು. 2002ರ ಇ-ಕ್ಲಾಸ್‌ನಲ್ಲಿ ಬ್ರೇಕು ಕೂಡ ವಿದ್ಯುತ್ ಪಂಪಿನಿಂದ ನಡೆಯುತ್ತಿತ್ತು. ಪೆಡಲ್ ಎಷ್ಟು ಸಲ ಒತ್ತಿದ್ದೀರಿ ಎಂದು ಅದೇ ಎಣಿಸಿಟ್ಟು, ನಿಗದಿತ ಸಂಖ್ಯೆ ಮುಟ್ಟಿದ ಕೂಡಲೇ ಘಟಕವನ್ನು ಬದಲಿಸಿ ಎಂದು ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಸುತ್ತಿತ್ತು. 2006ರಲ್ಲಿ ಇ-ಕ್ಲಾಸನ್ನು ಪರಿಷ್ಕರಿಸುವಾಗ ಕಂಪನಿಯೇ ಆ ವ್ಯವಸ್ಥೆಯನ್ನು ಕೈಬಿಟ್ಟಿತು. ಮೂರು-ನಾಲ್ಕು ಲಕ್ಷಕ್ಕೆ ಅಂಥ ಕಾರು ಕಣ್ಣಿಗೆ ಬಿದ್ದರೆ ಯಾವ ವರ್ಷದ್ದು ಎಂದು ಮೊದಲು ನೋಡಿ.

ಬೆಂಗಳೂರಿನಲ್ಲಿ ಕಾರು ಇಡುವವರಿಗೆ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಈ ಊರಿನ ಮರಗಳು ನಮ್ಮ ಭಾಗ್ಯ. ಗುಲ್‌ಮೊಹರಿನ ಸಣ್ಣ ಎಲೆ, ತಬೇಬುಯಾದ ಹೂವು, ಮಳೆಮರದ ಕಸ ಎಲ್ಲ ಕಾರಿನ ಮುಂಗಾಜಿನ ಬುಡದ ತೋಡಿಗೆ ಇಳಿಯುತ್ತವೆ. ಅಲ್ಲಿ ಮಳೆನೀರು ಹರಿದು ಹೋಗಲು ಕಿಂಡಿಗಳಿವೆ. ಸನ್‌ರೂಫಿನ ಮೂಲೆಗಳಿಂದಲೂ ಸಣ್ಣ ಕೊಳವೆಗಳು ಇಳಿಯುತ್ತವೆ. ಎಲೆ ಕೊಳೆತು ಅವು ಕಟ್ಟಿಕೊಂಡರೆ ಮೇ ತಿಂಗಳ ಮೊದಲ ದೊಡ್ಡ ಮಳೆಗೆ ನೀರು ಕಾರಿನೊಳಗೆ ಬರುತ್ತದೆ. ಕಾರ್ಪೆಟ್ಟಿನ ಕೆಳಗೆ ದಪ್ಪ ಸ್ಪಂಜು ಇರುವುದರಿಂದ ಮೇಲೆ ಕೈಯಾಡಿಸಿದರೆ ಒಣಗಿದಂತೆಯೇ ಇರುತ್ತದೆ. ಅದರ ಅಡಿಯಲ್ಲಿ, ಸೀಟಿನ ಕೆಳಗೆ, ಡಿಕ್ಕಿಯ ಬದಿಯಲ್ಲಿ ಕಂಪ್ಯೂಟರ್ ಪೆಟ್ಟಿಗೆಗಳು ಕೂತಿವೆ.

ಈ ವಯಸ್ಸಿನ ಹಲವು ಜರ್ಮನ್ ಕಾರುಗಳಲ್ಲಿ ರೇಡಿಯೊ, ಆಂಪ್ಲಿಫೈಯರ್, ನ್ಯಾವಿಗೇಷನ್, ಫೋನು ಎಲ್ಲವನ್ನೂ ಒಂದೇ ಬೆಳಕಿನ ತಂತಿಯ ಬಳೆಯಲ್ಲಿ ಪೋಣಿಸಿರುತ್ತಾರೆ. ಬೆಳಕು ಒಂದರಿಂದ ಇನ್ನೊಂದಕ್ಕೆ ದಾಟಿ ಮತ್ತೆ ಮೊದಲಿಗೆ ಬರಬೇಕು. ಡಿಕ್ಕಿಯಲ್ಲಿರುವ ಆಂಪ್ಲಿಫೈಯರ್‌ಗೆ ನೀರು ತಾಗಿತೆಂದರೆ ಬಳೆ ಒಡೆದಂತೆ. ಮುಂದಿನ ಪರದೆಯ ಹಿಂದೆ ಎಲ್ಲವೂ ಮೌನ. ಪರದೆಯೇ ಹೋಯಿತೆಂದುಕೊಂಡು ಅದನ್ನೇ ಬದಲಿಸಿ ಹಣ ಕಳೆದುಕೊಳ್ಳುವ ಅಪಾಯ ಇಲ್ಲಿದೆ. ಕಿಂಡಿ ಶುಚಿ ಮಾಡುವುದು ಹದಿನೈದು ನಿಮಿಷದ ಕೆಲಸ, ದುಡ್ಡು ಬೇಕಿಲ್ಲ. ಏಪ್ರಿಲ್ ಕೊನೆಗೊಮ್ಮೆ, ದೀಪಾವಳಿಗೊಮ್ಮೆ ಮಾಡಿಸಿ.

ಡೀಸೆಲ್ ಕಾರು ನೋಡುತ್ತಿದ್ದರೆ ನಿಮ್ಮ ಓಡಾಟ ಎಂಥದ್ದು ಎಂದೂ ಯೋಚಿಸಿ. ಹೊಗೆಯ ಮಸಿ ಹಿಡಿದಿಡುವ ಫಿಲ್ಟರ್ ತನ್ನೊಳಗಿನ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕಾದರೆ ಕಾರು ಆಗಾಗ ಹೆದ್ದಾರಿಯಲ್ಲಿ ಒಂದೇ ಸಮ ಓಡಬೇಕು. ಮನೆಯಿಂದ ಶಾಲೆಗೆ, ಶಾಲೆಯಿಂದ ಅಂಗಡಿಗೆ ಎಂದು ಮೂರು ಮೂರು ಕಿಲೋಮೀಟರು ಓಡಿಸುವ ಮನೆಗೆ ಅದು ಸರಿಯಾದ ಕಾರಲ್ಲ.

ಕಾಗದಪತ್ರದ ಖರ್ಚಿನ ಬಗ್ಗೆ ಮುಂಚೆ ಯಾರೂ ಹೇಳುವುದಿಲ್ಲ. ಮೊದಲು ವಿಮೆ. ಕಾರಿಗೆ ಹತ್ತು ವರ್ಷ ದಾಟಿದರೆ ಸಾಮಾನ್ಯ ಪಾಲಿಸಿಯಲ್ಲಿ ಲೋಹದ ಭಾಗಗಳ ಬೆಲೆಯಲ್ಲಿ ಶೇ 50ರಷ್ಟು ಸವಕಳಿ ಎಂದು ಕಳೆಯುತ್ತಾರೆ. ರಬ್ಬರು, ಪ್ಲಾಸ್ಟಿಕ್ಕು, ಟೈರು, ಬ್ಯಾಟರಿಗೆ ವಯಸ್ಸು ಎಷ್ಟೇ ಇರಲಿ ಶೇ 50. ಗಾಜಿಗೆ ಮಾತ್ರ ಕಡಿತವಿಲ್ಲ. ಅಂದರೆ ಬಂಪರು, ಬಾನೆಟ್ಟು, ರೇಡಿಯೇಟರು ಬದಲಿಸಿದರೆ ಭಾಗಗಳ ಬಿಲ್ಲಿನಲ್ಲಿ ಅರ್ಧ ನಿಮ್ಮ ಮೇಲೆಯೇ ಬೀಳುತ್ತದೆ. ಸವಕಳಿ ಕಳೆಯದ ‘ಝೀರೊ ಡೆಪ್’ ಪಾಲಿಸಿ ಈ ವಯಸ್ಸಿನ ಕಾರಿಗೆ ಸಿಗುವುದು ಕಷ್ಟ. ಇನ್ನೂ ದೊಡ್ಡ ತೊಡಕು ಒಂದಿದೆ. ರಿಪೇರಿಯ ವೆಚ್ಚ ವಿಮೆಯಲ್ಲಿ ಬರೆದ ಕಾರಿನ ಮೌಲ್ಯದ ಶೇ 75 ದಾಟಿದರೆ ಕಾರು ಪೂರ್ತಿ ಹೋಯಿತೆಂದು ಲೆಕ್ಕ. ಎಂಟು ಲಕ್ಷ ಮೌಲ್ಯ ಬರೆದ ಕಾರಿಗೆ ಆ ಗೆರೆ ಆರು ಲಕ್ಷ. ಎರಡು ಎಲ್‌ಇಡಿ ಹೆಡ್‌ಲೈಟು, ಏರ್‌ಬ್ಯಾಗು, ರೇಡಿಯೇಟರು ಸೇರಿದರೆ ಅಷ್ಟಾಗಲು ಬಹಳ ದೊಡ್ಡ ಅಪಘಾತ ಬೇಕಿಲ್ಲ. ಓಡಿಸಬಹುದಾದ ಕಾರು ಗುಜರಿಗೆ ಹೋಗುತ್ತದೆ.

2022ರ ಸೆಪ್ಟೆಂಬರಿನಲ್ಲಿ ಹೊರ ವರ್ತುಲ ರಸ್ತೆ, ಯಮಲೂರು ಕಡೆ ನೀರು ನುಗ್ಗಿದಾಗ ಕೋಟಿ ಬೆಲೆಯ ಕಾರುಗಳು ಬಾನೆಟ್ಟಿನ ತನಕ ಮುಳುಗಿ ನಿಂತ ಚಿತ್ರಗಳನ್ನು ನಾಡೆಲ್ಲ ನೋಡಿತು. ನೀರಲ್ಲಿ ನಿಂತ ಕಾರನ್ನು ಚಾಲೂ ಮಾಡಿ ಎಂಜಿನ್ನಿಗೆ ನೀರು ಎಳೆದುಕೊಂಡರೆ, ಎಂಜಿನ್ ರಕ್ಷಣೆಯ ಪ್ರತ್ಯೇಕ ಸೇರ್ಪಡೆ ಇಲ್ಲದ ಪಾಲಿಸಿ ಆ ಹಾನಿಯನ್ನು ತುಂಬಿಕೊಡುವುದಿಲ್ಲ. ಅಂಥ ಕಾರುಗಳು ಒಣಗಿ, ಪಾಲಿಶ್ ಆಗಿ, ಎರಡು ವರ್ಷದ ಮೇಲೆ ಮಾರಾಟಕ್ಕೆ ಬಂದಿರಲೂಬಹುದು. ಸೀಟ್‌ಬೆಲ್ಟನ್ನು ಪೂರ್ತಿ ಹೊರಗೆಳೆದು ಕೊನೆಯ ಒಂದಡಿ ನೋಡಿ. ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ.

ದೆಹಲಿಯ ಕಾರು ಅಗ್ಗ ಎಂದು ಅತ್ತ ನೋಡುತ್ತಿರುವವರೂ ನಿಮ್ಮಲ್ಲಿದ್ದಾರೆ. ಹತ್ತು ವರ್ಷ ದಾಟಿದ ಡೀಸೆಲ್ ವಾಹನಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ದೆಹಲಿ ಸುತ್ತಮುತ್ತ ತಡೆ ಹಾಕಿತು, 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಜಾರಿಗೆ ತರಲು ಹೇಳಿತು. ಅಲ್ಲಿನ ಕಾರು ಅಗ್ಗವಾಗಿದ್ದಕ್ಕೆ ಇದೊಂದು ದೊಡ್ಡ ಕಾರಣ. ಆದರೆ ಇಲ್ಲಿಗೆ ತಂದಮೇಲೆ ಅಲ್ಲಿನ ಆರ್‌ಟಿಒ ನಿರಾಕ್ಷೇಪಣಾ ಪತ್ರ ಬೇಕು, ಹನ್ನೆರಡು ತಿಂಗಳೊಳಗೆ ನೋಂದಣಿ ಬದಲಿಸಬೇಕು, ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. 20 ಲಕ್ಷ ದಾಟಿದ ಹೊಸ ಕಾರಿಗೆ ಆ ತೆರಿಗೆ ಶೇ 18, ಮೇಲೆ ಸೆಸ್. ಹಳೆಯ ಕಾರಿಗೆ ವಯಸ್ಸಿಗೆ ತಕ್ಕಂತೆ ಕಡಿಮೆಯಾಗುತ್ತದೆ ನಿಜ, ಆದರೆ ಲೆಕ್ಕ ಶುರುವಾಗುವುದು ಕಾರು ಹೊಸದಾಗಿದ್ದಾಗಿನ ಬೆಲೆಯಿಂದ. ನೀವು ಕೊಟ್ಟ ಹನ್ನೆರಡು ಲಕ್ಷ ಅಲ್ಲಿ ಗಣನೆಗೆ ಬರುವುದಿಲ್ಲ. ತೆರಿಗೆ ಕಟ್ಟದೆ ಹೊರರಾಜ್ಯದ ನಂಬರಿನಲ್ಲೇ ಓಡಿಸೋಣ ಎಂಬ ಯೋಚನೆ ಬಿಟ್ಟುಬಿಡಿ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಅಧಿಕಾರಿಗಳು ಒಂದೇ ಕಾರ್ಯಾಚರಣೆಯಲ್ಲಿ 30 ಐಷಾರಾಮಿ ಕಾರುಗಳನ್ನು ವಶಕ್ಕೆ ತೆಗೆದುಕೊಂಡರು. ಹದಿನೈದು ವರ್ಷ ತುಂಬಿದ ಮೇಲೆ ನೋಂದಣಿ ನವೀಕರಣವೂ ಇದೆ. 2022ರ ಏಪ್ರಿಲ್‌ನಿಂದ ಅದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಪೂರ್ತಿ ಹೊರದೇಶದಲ್ಲೇ ತಯಾರಾಗಿ ಬಂದ ಕಾರಿಗೆ 40,000.

ಇಷ್ಟನ್ನೂ ಓದಿಯೂ ಆಸೆ ಉಳಿದಿದ್ದರೆ, ಉಳಿಯಲಿ ಎಂಬುದೇ ಹಾರೈಕೆ. ಒಳ್ಳೆಯ ಯಂತ್ರ ಒಬ್ಬ ಒಳ್ಳೆಯ ಮಾಲೀಕರ ಕೈಗೆ ಹೋಗಿ ಇನ್ನೂ ಹತ್ತು ವರ್ಷ ಓಡಿದರೆ ಅದಕ್ಕಿಂತ ಸಂತೋಷ ಬೇರೇನಿದೆ. ಕಾರು ನೋಡಲು ಹೋಗುವಾಗ ಎಂಜಿನ್ ಬಿಸಿ ಮಾಡಿ ಇಡಬೇಡಿ ಎಂದು ಮುಂಚೆಯೇ ಹೇಳಿ. ಹೋದ ಕೂಡಲೇ ಬಾನೆಟ್ಟಿನ ಮೇಲೆ ಅಂಗೈ ಇಡಿ, ತಣ್ಣಗಿರಬೇಕು. ಸರಿಯಾದ ಸ್ಕ್ಯಾನರ್ ಇರುವ ಗ್ಯಾರೇಜಿಗೆ ಕಾರನ್ನು ಒಯ್ಯಲು ಬಿಡದ ಮಾರಾಟಗಾರರಿಂದ ಕೊಳ್ಳಬೇಡಿ. ಓಡಿದ ಕಿಲೋಮೀಟರು ಮೀಟರಿನಲ್ಲಿ ಮಾತ್ರ ದಾಖಲಾಗಿರುವುದಿಲ್ಲ, ಬೇರೆ ಪೆಟ್ಟಿಗೆಗಳೂ ಅದನ್ನು ನೆನಪಿಟ್ಟುಕೊಂಡಿರುತ್ತವೆ. ಮೀಟರು ತಿದ್ದಿದವರು ಎಲ್ಲವನ್ನೂ ತಿದ್ದಿರುವುದು ಅಪರೂಪ. ಬಿಲ್ಲುಗಳ ಕಡತ ಕೇಳಿ. ದಪ್ಪ ಕಡತ ಇರುವ ಒಂದೂವರೆ ಲಕ್ಷ ಕಿಲೋಮೀಟರಿನ ಕಾರು, ಒಂದು ಬಿಲ್ಲೂ ಇಲ್ಲದ ಐವತ್ತು ಸಾವಿರದ ಕಾರಿಗಿಂತ ಮೇಲು.

ಕೊಳ್ಳುವಾಗ ಗಾಳಿಯ ಸಸ್ಪೆನ್ಷನ್ನಿಗಿಂತ ಉಕ್ಕಿನ ಸ್ಪ್ರಿಂಗಿನ ಕಾರನ್ನು, ಅಪರೂಪದ ಮಾಡೆಲಿಗಿಂತ ಹೆಚ್ಚು ಮಾರಾಟವಾದ ಮಾಡೆಲನ್ನು ಆರಿಸಿ. ಮೆತ್ತಗಿನ ಸವಾರಿ ಮತ್ತು ನೆಮ್ಮದಿಯಷ್ಟೇ ಬೇಕೆನ್ನುವವರು 2013ರಿಂದ ನಮ್ಮ ಬಿಡದಿಯಲ್ಲೇ ಜೋಡಣೆಯಾದ ಕ್ಯಾಮ್ರಿ ಹೈಬ್ರಿಡ್ಡನ್ನೂ ಒಮ್ಮೆ ಓಡಿಸಿ ನೋಡಲಿ.

ಕೈಯಲ್ಲಿರುವ ದುಡ್ಡನ್ನೆಲ್ಲ ಕಾರಿಗೇ ಸುರಿಯಬೇಡಿ. 12 ಲಕ್ಷ ಇದ್ದರೆ 8 ಲಕ್ಷದ ಕಾರು ನೋಡಿ, ಉಳಿದ 4 ಲಕ್ಷವನ್ನು ಮೊದಲ ಎರಡು ವರ್ಷದ ರಿಪೇರಿಗೆಂದು ಬೇರೆ ಖಾತೆಯಲ್ಲಿಡಿ. ಭಾಗ ಕೊಳ್ಳುವಾಗ ಅದನ್ನು ಕಾರು ಕಂಪನಿಗೆ ಒದಗಿಸುವವರು ಯಾರು ಎಂದು ವಿಚಾರಿಸಿ. ಲೆಮ್‌ಫೋರ್ಡರ್, ಸ್ಯಾಕ್ಸ್, ಬಿಲ್‌ಸ್ಟೈನ್, ಮಾಲೆ, ಬಾಷ್ ಇವರ ಪೆಟ್ಟಿಗೆಯಲ್ಲಿ ಬರುವ ಎಷ್ಟೋ ಭಾಗಗಳು ಶೋರೂಮಿನದರಂಥವೇ, ಕಾರು ಕಂಪನಿಯ ಮುದ್ರೆ ಇರುವುದಿಲ್ಲ, ಬೆಲೆ ಕಡಿಮೆ. ಜೆ.ಸಿ. ರಸ್ತೆಯಲ್ಲಿ ಪಾರ್ಟ್ ನಂಬರ್ ಹಿಡಿದು ಕೇಳಿ. ಗುಜರಿಯ ಬಾಗಿಲು, ಕನ್ನಡಿ, ಸೀಟು ತಂದರೆ ಅಡ್ಡಿಯಿಲ್ಲ. ಕಂಪ್ಯೂಟರ್ ಪೆಟ್ಟಿಗೆ ತರುವ ಮುನ್ನ ಮೆಕ್ಯಾನಿಕ್‌ರನ್ನು ಕೇಳಿ, ಹಲವು ಪೆಟ್ಟಿಗೆಗಳು ತಮ್ಮ ಹಳೆಯ ಕಾರಿನ ಗುರುತು ಹಿಡಿದು ಕೂತಿರುತ್ತವೆ.

ಆ ಮೆಕ್ಯಾನಿಕ್‌ಗಳ ಬಗ್ಗೆಯೂ ಒಂದು ವಿನಂತಿ. ರೋಗ ಹುಡುಕಿದ್ದಕ್ಕೆ ದುಡ್ಡು ಕೇಳಿದರೆ ನಮ್ಮಲ್ಲಿ ಮುಖ ಸಿಂಡರಿಸುತ್ತಾರೆ, ‘ನೋಡಿದ್ದಕ್ಕೂ ದುಡ್ಡಾ?’ ಎನ್ನುತ್ತಾರೆ. ಹಾಗಾಗಿ ಎಷ್ಟೋ ಗ್ಯಾರೇಜುಗಳಲ್ಲಿ ಹುಡುಕುವುದನ್ನೇ ಬಿಟ್ಟು, ಅಂದಾಜಿನ ಮೇಲೆ ಒಂದಾದ ಮೇಲೊಂದು ಭಾಗ ಬದಲಿಸುತ್ತಾ ಹೋಗುತ್ತಾರೆ. ಮೂರು ಗಂಟೆ ತಂತಿ ಹಿಡಿದು ಕೂತು ಡಿಕ್ಕಿಯ ಮೂಲೆಯ ಒಂದು ಹಸಿರುಗಟ್ಟಿದ ಪಿನ್ನು ಪತ್ತೆಹಚ್ಚಿದವರಿಗೆ ಆ ಮೂರು ಗಂಟೆಯ ಕೂಲಿಯನ್ನು ಕೇಳುವ ಮೊದಲೇ ಕೊಡಿ.

ಕಾರು ಮನೆಗೆ ಬಂದ ಮೊದಲ ಶನಿವಾರ, ಪೂಜೆ ಮುಗಿಸಿ, ನೇರವಾಗಿ ಗ್ಯಾರೇಜಿಗೆ ಹೋಗಿ. ಲಿಫ್ಟಿನ ಮೇಲೆ ಏರಿಸಿ ಕೆಳಗಿನ ಮುಚ್ಚಳ ಬಿಚ್ಚಿಸಿ, ನೀವೂ ಕೆಳಗೆ ನಿಂತು ನೋಡಿ. ಎಲ್ಲಿ ಜಿನುಗು, ಯಾವ ಬುಷ್ಷಿನಲ್ಲಿ ಸೀಳು, ಯಾವ ಪೈಪು ಪುಡಿಯಾಗಲು ಕಾದಿದೆ ಎಂದು ಅವರು ಬೆರಳಿಟ್ಟು ತೋರಿಸುತ್ತಾರೆ. ಒಂದು ನೋಟ್‌ಬುಕ್ಕಿನಲ್ಲಿ ಮೂರು ಪುಟ ಮಾಡಿಕೊಳ್ಳಿ: ಈ ತಿಂಗಳು, ಆರು ತಿಂಗಳೊಳಗೆ, ಮುಂದಿನ ವರ್ಷ. ಪ್ರತಿ ಸಾಲಿನ ಮುಂದೆ ತಾರೀಕು ಮತ್ತು ಆವತ್ತಿನ ಕಿಲೋಮೀಟರು ಬರೆಯಿರಿ. ಮುಂದೊಂದು ದಿನ ನೀವು ಆ ಕಾರನ್ನು ಮಾರುವಾಗ ಕೊಳ್ಳಲು ಬಂದವರ ಕೈಗೆ ಮೊದಲು ಆ ನೋಟ್‌ಬುಕ್ಕನ್ನೇ ಕೊಡಿ.

ಇಂತಿ,
ನಿಮ್ಮ ಮತ್ತು ನಿಮ್ಮ ಕಾರಿನ ಹಿತೈಷಿ